ಹತ್ತನೇ ವಚನ ಓದೀಯೇನು?

ಧಾರವಾಡದ ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರತಿ ಗುರುವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಹತ್ತು ಹನ್ನೆರಡು ಜನ. ಒಂದೆರಡು ಹಾಡು, ಪ್ರಾರ್ಥನೆ, ಬೈಬಲಿನ ಒಂದು ಅಧ್ಯಾಯ ಓದುವುದು, ಅದರ ಮೇಲೆ ಮಾತು, ಕೊನೆಗೆ ಚಹಾ. ಮೊದಲು ಇದನ್ನು ನಡೆಸುತ್ತಿದ್ದವರಿಗೆ ಬೇರೆ ಊರಿಗೆ ವರ್ಗವಾಯಿತು. ಶಾಲೆಯಲ್ಲಿ ಕನ್ನಡ ಕಲಿಸುವವಳು, ಓದಿ ಹೇಳುವ ರೂಢಿ ಇದೆ ಅಂತ ಆ ಕೆಲಸವನ್ನು ನನಗೆ ಕೊಟ್ಟರು. ಈಗ ಹದಿನಾರು ವರ್ಷ ಆಯಿತು.

ಶುರುವಿನ ದಿನಗಳಲ್ಲಿ ನನಗೆ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ನಮ್ಮ ಕೂಟಕ್ಕೆ ಬರುತ್ತಿದ್ದ ಹುಡುಗನೊಬ್ಬ ಡಿಗ್ರಿ ಮುಗಿಸಿ ಎರಡು ವರ್ಷವಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಒಂದು ಗುರುವಾರ ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಪ್ರವಾದಿ ಯೆರೆಮೀಯನ ಪುಸ್ತಕದಿಂದ 29:11 ತೆಗೆದು ಓದಿದೆ. ದೇವರಿಗೆ ನಿಮ್ಮ ವಿಷಯದಲ್ಲಿರುವುದು ಅಹಿತದ ಯೋಚನೆಯಲ್ಲ, ಹಿತದ ಯೋಚನೆ ಅನ್ನುವ ವಚನ ಅದು. ಓದಿ ಸುಮ್ನಿರಲಿಲ್ಲ. "ಈ ವರ್ಷ ಮುಗಿಯೋದ್ರಾಗ ನಿನಗ ಕೆಲಸ ಸಿಗತದ. ಇದು ನನ್ನ ಮಾತಲ್ಲ, ದೇವರ ಮಾತು" ಅಂದೆ. ಎಲ್ಲರೂ ಆಮೆನ್ ಅಂದರು.

ಮೂಲೆಯಲ್ಲಿ ಕೂತಿದ್ದ ಅಕ್ಕೋರು ಕೂಡ ಆಮೆನ್ ಅಂದರು. ಬಹಳ ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದವರು, ನಮಗೆಲ್ಲ ಅವರು ಅಕ್ಕೋರೇ. ಕೂಟ ಮುಗಿದ ಮೇಲೆ ಅವರನ್ನು ಮನೆಗೆ ಬಿಡಲು ಹೊರಟೆ. ಅರ್ಧ ದಾರಿಯಲ್ಲಿ, ಬೀದಿದೀಪದ ಕೆಳಗೆ ನಿಂತು ಅವರು ಕೇಳಿದರು: "ತಂಗೀ, ಹನ್ನೊಂದನೇ ವಚನ ಛಲೋ ಓದಿದಿ. ಹತ್ತನೇದು ಓದೀಯೇನು?"

ಬಟ್ಟೆಯ ಚೀಲದಿಂದ ಬೈಬಲ್ ತೆಗೆದರು. ಮೂಲೆಗಳು ಸವೆದು ದುಂಡಗಾಗಿದ್ದ ಪುಸ್ತಕ. ಪುಟ ಹುಡುಕಿ, ಬೆರಳಿಟ್ಟು ತೋರಿಸಿದರು. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಅಂತಿದೆ ಅಲ್ಲಿ. ಎಪ್ಪತ್ತು ವರ್ಷ! ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆ ಒಯ್ದವರಿಗೆ ಯೆರೆಮೀಯ ಬರೆದ ಕಾಗದ ಅದು. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಅಂತ ಮೊದಲೇ ಹೇಳಿದೆ. ಕಾಗದ ಓದಿಸಿಕೊಂಡ ಮುದುಕರು ಯಾರೂ ತಿರುಗಿ ಊರು ನೋಡಲಿಲ್ಲ. ಹಿತದ ಯೋಚನೆ ಅನ್ನುವುದು ನಿಜವೇ. ಆದರೆ ವರ್ಷದೊಳಗೆ ನೌಕರಿ ಅನ್ನುವುದು ಅಲ್ಲಿಲ್ಲ. ಅದನ್ನು ಸೇರಿಸಿದವಳು ನಾನು.

"ಮನಿಗೆ ಹೋಗಿ ಅದರ ಹಿಂದಿನ ಅಧ್ಯಾಯ ಓದು" ಅಂದರು ಅಕ್ಕೋರು. ಮತ್ತೇನೂ ಹೇಳಲಿಲ್ಲ.

ಆ ರಾತ್ರಿ 28ನೇ ಅಧ್ಯಾಯ ಓದಿದೆ. ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ಹೇಳುತ್ತಾನೆ: ಎರಡೇ ವರ್ಷ, ಬಾಬೆಲಿನ ನೊಗ ಮುರಿಯುತ್ತದೆ, ಸೆರೆ ಹೋದವರೆಲ್ಲ ವಾಪಸ್ ಬರುತ್ತಾರೆ. ಜನ ಕೇಳಬೇಕೆಂದಿದ್ದ ಮಾತೇ ಅದು. ಯೆರೆಮೀಯ ಆಗ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ನಿಂತಿದ್ದವನು. ಅವನ ಉತ್ತರ ಏನು ಗೊತ್ತಾ? ಆಮೆನ್! ದೇವರು ಹಾಗೆಯೇ ಮಾಡಲಿ ಅನ್ನುತ್ತಾನೆ. ಆಮೇಲೆ ತನಗೆ ತಿಳಿದ ಒಂದು ಮಾತನ್ನು ಮಾತ್ರ ಸೇರಿಸುತ್ತಾನೆ: ಸಮಾಧಾನದ ಪ್ರವಾದನೆ ನಿಜವೋ ಅಲ್ಲವೋ ಅನ್ನುವುದು ಅದು ನೆರವೇರಿದಾಗ ಗೊತ್ತಾಗುತ್ತದೆ. ಹನನ್ಯ ಅವನ ಕುತ್ತಿಗೆಯ ನೊಗ ಕಿತ್ತು ಮುರಿದು ಹಾಕುತ್ತಾನೆ. ಯೆರೆಮೀಯ ಜಗಳಕ್ಕೆ ನಿಲ್ಲುವುದಿಲ್ಲ, ತನ್ನ ದಾರಿ ಹಿಡಿದು ಹೋಗುತ್ತಾನೆ. ದೇವರ ಮಾತು ಬಂದ ಮೇಲೆಯೇ ತಿರುಗಿ ಬಂದು, ದೇವರು ನಿನ್ನನ್ನು ಕಳಿಸಲಿಲ್ಲ, ಈ ಜನ ಸುಳ್ಳನ್ನು ನಂಬುವಂತೆ ಮಾಡಿದ್ದೀ ಅಂತ ಮುಖದ ಮೇಲೆ ಹೇಳುತ್ತಾನೆ.

ಎರಡು ಸಲ ಓದಿದೆ. ಗೊತ್ತಿಲ್ಲದಾಗ ಹೊರಟು ಹೋದವನೂ ಅವನೇ, ಗೊತ್ತಾದಾಗ ತಿರುಗಿ ಬಂದವನೂ ಅವನೇ. ನಾನು ಮಾಡಿದ್ದು ಹನನ್ಯನ ಕೆಲಸ. ತಾರೀಕು ಕೊಟ್ಟಿದ್ದೆ.

ಮರುದಿನ ಆ ಹುಡುಗನ ಮನೆಗೆ ಹೋಗಿ ನಾನು ವಾಕ್ಯಕ್ಕೆ ಸೇರಿಸಿ ಹೇಳಿದ್ದೆ, ತಪ್ಪಾಯಿತು ಅಂದೆ. ಅವನು ತಲೆ ತಗ್ಗಿಸಿ, "ನಮ್ಮವ್ವಗೂ ಹೇಳಿಬಿಟ್ಟೇನ್ರೀ ಅಕ್ಕಾ" ಅಂದ. ಒಳಗೆ ಹೋಗಿ ಅವನ ತಾಯಿಗೂ ಹೇಳಿದೆ. ಅದೇ ಜಾಸ್ತಿ ಕಷ್ಟವಾಯಿತು.

ಅಕ್ಕೋರು ಕೂಟದಲ್ಲೇ ನನ್ನ ತಪ್ಪು ಎತ್ತಿ ತೋರಿಸಬಹುದಿತ್ತು. ಯಾಕೆ ತೋರಿಸಲಿಲ್ಲ ಅಂತ ಕೇಳಿದಾಗ ಅಪೊಸ್ತಲರ ಕೃತ್ಯಗಳು 18 ನೋಡು ಅಂದರು. ಅಲೆಕ್ಸಾಂದ್ರಿಯದ ಅಪೊಲ್ಲೋಸ ಓದಿದವನು, ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡಿದವನು. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗಿಂತ ಮೊದಲು ಬಂದ ಯೋಹಾನನ ದೀಕ್ಷಾಸ್ನಾನ ಮಾತ್ರ. ಗುಡಾರ ಹೊಲಿಯುವ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಬಾಯಿ ಮುಚ್ಚಿಸಲಿಲ್ಲ. ಅಪೊಲ್ಲೋಸ ಮುಂದೆ ಅಖಾಯಕ್ಕೆ ಹೋಗಿ ಮತ್ತೂ ಗಟ್ಟಿಯಾಗಿ ಮಾತಾಡಿದ. ಅಕ್ಕೋರು ಕೂಡ ನನ್ನ ಕೈಯಿಂದ ಕೆಲಸ ಕಿತ್ತುಕೊಳ್ಳಲಿಲ್ಲ.

ಅಂದಿನಿಂದ ಕೆಲವು ರೂಢಿ ಮಾಡಿಕೊಂಡೆ. ಯಾವ ವಚನವನ್ನೇ ಆಗಲಿ, ಮೇಲೆ ಹತ್ತು ಕೆಳಗೆ ಹತ್ತು ಓದದೆ ಮಾತಾಡುವುದಿಲ್ಲ. ಹಳೆಯ ಸತ್ಯವೇದವು, ಸರಳ ಕನ್ನಡದ ಒಂದು ಅನುವಾದ, ಕಥೋಲಿಕ ಸಭೆಯವರ ಕನ್ನಡ ಬೈಬಲ್, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಮೂರೂ ಒಂದೇ ರೀತಿ ಇದ್ದರೆ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯುತ್ತೇನೆ. ಬೇರೆಬೇರೆ ಇದ್ದರೆ, ಅಥವಾ ಬರೀ ನನಗೆ ಹೊಳೆದದ್ದಾದರೆ, ಪೆನ್ಸಿಲಿನಿಂದ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಆಮೇಲೆ ಬಾಸೆಲ್ ಮಿಷನ್ನಿನವರು ಅದನ್ನೇ ಮತ್ತೆ ತಿದ್ದಲು ಕೂತರು. ಅಂಥವರ ಕೆಲಸಕ್ಕೇ ತಿದ್ದುಪಡಿ ಬೇಕಾಯಿತು. ನನ್ನ ಪೆನ್ಸಿಲ್ ಬರಹ ಅಳಿಸಿದರೆ ನನಗ್ಯಾಕೆ ಬೇಜಾರು?

ಕೂಟದಲ್ಲಿ ಮಾತಾಡುವಾಗಲೂ ಎರಡು ಬಗೆ ಇಟ್ಟುಕೊಂಡಿದ್ದೇನೆ. ಪೆನ್ನಿನದಕ್ಕೆ "ಇಲ್ಲಿ ಬರೆದಿದೆ" ಅನ್ನುತ್ತೇನೆ. ಪೆನ್ಸಿಲಿನದಕ್ಕೆ "ನನಗೆ ಹೀಗೆ ತೋರುತ್ತದೆ" ಅನ್ನುತ್ತೇನೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ "ತೋರುತ್ತದೆ" ಅಂದ ಕೂಡಲೇ ಸುಮ್ನೆ ಕೂತಿದ್ದವರು ಬಾಯಿ ತೆರೆಯುತ್ತಾರೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಇನ್ನು ಎರಡನೆಯ ಘಟನೆ. ಆರು ವರ್ಷದ ಹಿಂದೆ ನಮ್ಮ ಕೂಟಕ್ಕೆ ಒಂದು ಹೊಸ ಕುಟುಂಬ ಬರತೊಡಗಿತು. ಅವರ ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನಾವು ಹಾಡುವಾಗ ಅವನು ತಾಯಿಯ ತೊಡೆಯ ಮೇಲೆ ಕೂತು, ಅಂಗೈಯನ್ನು ಅವಳ ಗಂಟಲ ಮೇಲೆ ಇಡುತ್ತಿದ್ದ. ಹಾಡು ಅಲ್ಲಿಂದ ಅವನಿಗೆ ಸಿಗುತ್ತಿತ್ತು.

ಒಂದು ಗುರುವಾರ ಬೇರೆ ಊರಿನಿಂದ ಬಂದ ಪ್ರಸಂಗಿಯೊಬ್ಬರನ್ನು ಮಾತಾಡಲು ಕೇಳಿಕೊಂಡಿದ್ದೆವು. ಅವರು ವಿಮೋಚನಕಾಂಡ 20:5 ಓದಿದರು. ತಂದೆಗಳ ದೋಷದ ಫಲ ಮಕ್ಕಳ ಮೇಲೆ ಮೂರು ನಾಲ್ಕು ತಲೆಗಳವರೆಗೆ ಬರುತ್ತದೆ ಅನ್ನುವ ವಚನ. ಆಮೇಲೆ ಆ ಹುಡುಗನ ಕಡೆ ನೋಡಿ, ಈ ಮನೆತನದಲ್ಲಿ ಯಾರ ಪಾಪ ಇದೆ ಅಂತ ಹುಡುಕಿ ಅರಿಕೆ ಮಾಡಿಕೊಳ್ಳಬೇಕು ಅಂದರು. ತಾಯಿ ಮಗನ ಕೈಯನ್ನು ಗಂಟಲಿನಿಂದ ಮೆಲ್ಲಗೆ ತೆಗೆದಳು.

ನನಗೆ ಆಗ ನೆನಪಾದದ್ದು ಪ್ರಿಸ್ಕಿಲ್ಲ. ಆಮೇಲೆ ಒಬ್ಬರೇ ಇದ್ದಾಗ ಹೇಳಿದರಾಯಿತು ಅಂದುಕೊಂಡೆ. ಆದರೆ ಆ ತಾಯಿ ರಾತ್ರಿ ಈ ಮಾತು ಹೊತ್ತುಕೊಂಡೇ ಮನೆಗೆ ಹೋಗುತ್ತಾಳಲ್ಲ? ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ ಪೌಲ ಅವನಿಗೆ ಎಲ್ಲರ ಮುಂದೆಯೇ ಹೇಳಿದ ಅಂತ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಯಾಕೆಂದರೆ ಎದ್ದು ಹೋದ ಪೇತ್ರನಿಂದ ನೊಂದವರು ಅಲ್ಲೇ ಕೂತಿದ್ದರು. ಬರೀ ವಿವರ ತಪ್ಪಾಗಿದ್ದರೆ ದಾರಿಯಲ್ಲಿ ಹೇಳಬಹುದು. ಆದರೆ ಒಬ್ಬರ ಎದೆಗೆ ಏಟು ಬಿದ್ದಿದ್ದರೆ ಅವರು ಕೇಳುವಂತೆಯೇ ಹೇಳಬೇಕು. ನಾನು ಹಾಗೆ ನಂಬಿದ್ದೇನೆ.

ಬೈಬಲ್ ಹಿಡಿದ ಕೈ ನಡುಗುತ್ತಿತ್ತು. "ಬ್ರದರ್, ತಪ್ಪು ತಿಳೀಬ್ಯಾಡ್ರಿ. ಯೋಹಾನ ಒಂಬತ್ತು ಓದೋಣ್ರಿ" ಅಂದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ: ಯಾರು ಪಾಪ ಮಾಡಿದರು, ಇವನೋ, ಇವನ ತಂದೆತಾಯಿಗಳೋ? ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಅಂದ ಯೇಸು.

"ಹಂಗಾರ ವಿಮೋಚನಕಾಂಡ ದೇವರ ವಾಕ್ಯ ಅಲ್ಲೇನ್ರಿ?" ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ದೇವರ ವಾಕ್ಯವೇ, ನಿಮ್ಮ ಮಾತಿನಲ್ಲಿ ನಿಜ ಇದೆ ಅಂದೆ. ಅಪ್ಪ ಕುಡಿದರೆ ಮಕ್ಕಳು ಉಪವಾಸ ಬೀಳುತ್ತಾರೆ, ಮೊಮ್ಮಕ್ಕಳವರೆಗೂ ಅದರ ಸಾಲ ಹೋಗುತ್ತದೆ. ನಾವೆಲ್ಲ ನೋಡಿದ್ದೇವೆ. ಆದರೆ ಆ ವಚನವನ್ನು ತಿರುಗಿಸಿ, ಮಗುವಿಗೆ ಕಷ್ಟ ಇದೆ, ಹಾಗಾಗಿ ಹೆತ್ತವರಲ್ಲಿ ಪಾಪ ಇರಬೇಕು ಅನ್ನಲು ಅಲ್ಲಿ ಆಧಾರವಿಲ್ಲ. ಕಷ್ಟಕ್ಕೆ ಸಿಕ್ಕ ಯೋಬನಿಗೆ ಅವನ ಗೆಳೆಯರು ಹಾಗೆಯೇ ಅಂದರು, ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆ. ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚುಳ್ಳೆನ್ನುತ್ತದೆ ಅನ್ನುವ ಗಾದೆಯನ್ನು ಇನ್ನು ಎತ್ತಬಾರದು ಅಂತ ಯೆಹೆಜ್ಕೇಲ 18 ಹೇಳುತ್ತದೆ. ಇಷ್ಟನ್ನೂ ಪುಟ ತೆಗೆದು ತೆಗೆದು ಓದಿಯೇ ಹೇಳಿದೆ. ಪುಟದ ಮೇಲೆ ಬೆರಳಿದ್ದರೆ ನನ್ನ ದನಿ ಏರುವುದಿಲ್ಲ.

ಅವರಿಗೆ ಬೇಜಾರಾಯಿತು. ಚಹಾ ಕುಡಿಯದೆ ಹೊರಟರು. ಬಾಗಿಲವರೆಗೂ ಹೋಗಿ, ನಾನು ತಪ್ಪಾಗಿ ಓದಿದ್ದರೆ ತೋರಿಸಿಕೊಡಿ, ತಿದ್ದಿಕೊಳ್ಳುತ್ತೇನೆ ಅಂದೆ. ಉತ್ತರ ಬರಲಿಲ್ಲ. ಅದು ಇವತ್ತಿಗೂ ನೋವು ಕೊಡುತ್ತದೆ. ಆದರೂ ಮತ್ತೆ ಅಂಥ ಗುರುವಾರ ಬಂದರೆ ಅದನ್ನೇ ಮಾಡುತ್ತೇನೆ.

ಎಲ್ಲರೂ ಹೋದ ಮೇಲೆ ಆ ತಾಯಿ ನನ್ನ ಹತ್ತಿರ ಬಂದಳು. ಧನ್ಯವಾದ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಬೈಬಲ್ ತೆರೆದು, ನಾನು ನಿಲ್ಲಿಸಿದ್ದ ಕಡೆಯಿಂದ ಮುಂದಿನ ಸಾಲು ತೋರಿಸಿದಳು. ದೇವರ ಕ್ರಿಯೆಗಳು ಇವನಲ್ಲಿ ತೋರಿಬರಲು ಹೀಗಾಯಿತು ಅನ್ನುವ ಅರ್ಥದ ಮಾತು. "ಹಂಗಾದ್ರ ಅಕ್ಕಾ, ದೇವರು ಏನೋ ತೋರಸಾಕಂತ ನನ್ನ ಮಗನ ಕಿವಿ ಹಿಂಗ ಮಾಡ್ಯಾನೇನು?"

ಐದು ನಿಮಿಷದ ಹಿಂದೆ ಅಷ್ಟು ಖಚಿತವಾಗಿ ಮಾತಾಡಿದವಳ ಬಾಯಿಂದ ಈಗ ಒಂದು ಮಾತೂ ಬರಲಿಲ್ಲ. "ನನಗ ಗೊತ್ತಿಲ್ಲವಾ. ಕೇಳಿ ಬಂದು ಹೇಳ್ತೀನಿ" ಅಂದೆ.

ಗ್ರೀಕ್ ಕಲಿತ ಪಾದ್ರಿ ಅಯ್ಯನವರೊಬ್ಬರ ಹತ್ತಿರ ಹೋದೆ. ಅವರು ಗ್ರೀಕ್ ಹೊಸ ಒಡಂಬಡಿಕೆ ತೆರೆದು ಪದಪದವಾಗಿ ಓದಿಸಿದರು. "ಹೀಗಾಯಿತು" ಅನ್ನುವ ಮಾತು ಮೂಲದಲ್ಲಿಲ್ಲ. "ಆದರೆ ದೇವರ ಕ್ರಿಯೆಗಳು ಇವನಲ್ಲಿ ತೋರಿಬರುವಂತೆ" ಅಂತ ಇದೆ, ಅಷ್ಟೇ. ಉಳಿದದ್ದನ್ನು ಓದುವವರು ತುಂಬಿಕೊಳ್ಳಬೇಕು. ಹಳೆಯ ಕೈಬರಹಗಳಲ್ಲಿ ಈಗಿನಂತೆ ಪೂರ್ಣವಿರಾಮ ಇಡುತ್ತಿರಲಿಲ್ಲ. ಆ ತುಂಡನ್ನು ಹಿಂದಿನ ಮಾತಿಗೆ ಸೇರಿಸಿದರೆ ಕುರುಡಿಗೆ ಕಾರಣ ಹೇಳಿದಂತಾಗುತ್ತದೆ. ಹೆಚ್ಚಿನ ಅನುವಾದಗಳು ಹಾಗೇ ಓದುತ್ತವೆ. ಮುಂದಿನ ವಚನಕ್ಕೆ ಸೇರಿಸಿದರೆ, ದೇವರ ಕ್ರಿಯೆಗಳು ಇವನಲ್ಲಿ ತೋರಿಬರುವಂತೆ ಹಗಲಿರುವಾಗಲೇ ನಾವು ಕೆಲಸ ಮಾಡಬೇಕು ಅಂತಾಗುತ್ತದೆ. ಆಗ ಕಾರಣದ ಪ್ರಶ್ನೆಗೆ ಯೇಸು ಉತ್ತರವನ್ನೇ ಕೊಡಲಿಲ್ಲ, ಕೆಲಸಕ್ಕೆ ಕೈ ಹಾಕಿದ. ಕೆಲವು ಪಂಡಿತರು ಹೀಗೆ ಓದುತ್ತಾರೆ. ಅಯ್ಯನವರಿಗೆ ಮೊದಲನೆಯದು ಸರಿ ಅನ್ನಿಸುತ್ತದೆ, ನನಗೆ ಎರಡನೆಯದು. ಒಂದು ಗಂಟೆ ಮಾತಾಡಿದರೂ ಇಬ್ಬರೂ ಬದಲಾಗಲಿಲ್ಲ.

ಮುಂದಿನ ಗುರುವಾರ ಎರಡನ್ನೂ ಅವಳಿಗೆ ಹೇಳಿದೆ. ಹಾಳೆಯಲ್ಲಿ ಬರೆದುಕೊಟ್ಟೆ. ಅವರ ಪಾಪ ಅಲ್ಲ ಅನ್ನುವುದನ್ನು ಪೆನ್ನಿನಿಂದ, ಉಳಿದ ಎರಡನ್ನೂ ಪೆನ್ಸಿಲಿನಿಂದ.

ಅವಳು ಹಾಳೆ ಮಡಚಿ ಬೈಬಲಿನೊಳಗೆ ಇಟ್ಟಳು. "ನಾನೂ ಮುಂದ ಓದೀನ್ರೀ ಅಕ್ಕಾ. ಇಪ್ಪತ್ತೈದರ ತನಕ" ಅಂದಳು. ಫರಿಸಾಯರು ಅನ್ನುವ ಯೆಹೂದಿ ಪಂಗಡದವರು ಆ ಕುರುಡನನ್ನು ಎರಡನೇ ಸಲ ಕರೆಸಿ, ನಿನ್ನ ಕಣ್ಣು ತೆರೆದ ಯೇಸು ಪಾಪಿ ಅಂತ ಒತ್ತಾಯಿಸುವ ಜಾಗ ಅದು. ಅವಳೇ ಗಟ್ಟಿಯಾಗಿ ಓದಿದಳು. ಅವನು ಪಾಪಿಯೋ ಏನೋ ನನಗೆ ಗೊತ್ತಿಲ್ಲ, ಒಂದು ಮಾತ್ರ ಗೊತ್ತು, ಕುರುಡನಾಗಿದ್ದೆ, ಈಗ ನೋಡುತ್ತೇನೆ ಅನ್ನುತ್ತಾನೆ ಅವನು. ಮಗ ಬಂದು ಅವಳ ತೊಡೆ ಏರಿ ಕೂತ. ಅವಳು ಓದುತ್ತಲೇ ಅವನ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡಳು.