ಗಾಲಿಕುರ್ಚಿಯೊಂದಿಗೆ ವಿಮಾನ ಹತ್ತುವ ಮುನ್ನ

ಟಿಕೆಟ್ ಕಾಯ್ದಿರಿಸುವಾಗ ‘ವೀಲ್‌ಚೇರ್ ಬೇಕು’ ಎಂದಷ್ಟೇ ದಾಖಲಾದರೆ ನಿಲ್ದಾಣದ ಸಿಬ್ಬಂದಿಗೆ ಏನೂ ತಿಳಿದಂತಾಗುವುದಿಲ್ಲ. ದೂರ ನಡೆಯಲಾರದ ಹಿರಿಯರಿಗೂ, ಕಾಲಿನಲ್ಲಿ ಬಲವೇ ಇಲ್ಲದವರಿಗೂ ಅದೇ ಮಾತು ಬಳಕೆಯಾಗುತ್ತದೆ. ಆದ್ದರಿಂದ ವಿಮಾನಯಾನ ಸಂಸ್ಥೆಗಳು ಬಳಸುವ ಸಂಕೇತದಲ್ಲಿಯೇ ನಿಮ್ಮ ಅಗತ್ಯವನ್ನು ಹೇಳಿ. ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂಸಿಎಚ್‌ಆರ್, ಮೆಟ್ಟಿಲು ಹತ್ತಲಾಗದಿದ್ದರೂ ವಿಮಾನದೊಳಗೆ ನಡೆಯಬಲ್ಲವರಿಗೆ ಡಬ್ಲ್ಯೂಸಿಎಚ್‌ಎಸ್, ಆಸನದವರೆಗೂ ನೆರವು ಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ಈ ಕೊನೆಯ ಸಂಕೇತ ದಾಖಲಾಗಿದ್ದರೆ ಮಾತ್ರ ಆಸನಗಳ ನಡುವಿನ ಕಿರಿದಾದ ದಾರಿಯಲ್ಲಿ ಸಾಗುವ ಐಲ್ ಚೇರ್ ಹಾಗೂ ಎತ್ತಿ ಕೂರಿಸುವ ಸಿಬ್ಬಂದಿ ಸಿದ್ಧವಾಗಿರುತ್ತಾರೆಂದು ನಂಬಬಹುದು. ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದಂತೆ ಪ್ರಯಾಣಕ್ಕೆ 48 ಗಂಟೆ ಮೊದಲು ಇದನ್ನು ತಿಳಿಸಬೇಕು. ದೂರವಾಣಿಯಲ್ಲಿ ಹೇಳಿದ್ದರೂ ಇಮೇಲ್ ಮೂಲಕ ಖಚಿತಪಡಿಸಿಕೊಂಡು, ಆ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಹುಬ್ಬಳ್ಳಿಯಂಥ ಊರುಗಳಿಗೆ ಹೋಗುವ ಎಟಿಆರ್ ಎಂಬ ಸಣ್ಣ ವಿಮಾನಗಳನ್ನು ಸಾಮಾನ್ಯವಾಗಿ ಮೆಟ್ಟಿಲಿನಿಂದಲೇ ಹತ್ತಬೇಕಾಗುತ್ತದೆ. ಅಲ್ಲಿ ಇಳಿಜಾರು ಅಥವಾ ಪ್ರಯಾಣಿಕರನ್ನು ಕುರ್ಚಿಸಹಿತ ಬಾಗಿಲೆತ್ತರಕ್ಕೆ ಏರಿಸುವ ವಾಹನವಾದ ಆಂಬ್ಯುಲಿಫ್ಟ್ ಇದೆಯೇ ಎಂದು ಹೊರಡುವ ಮತ್ತು ಇಳಿಯುವ ಎರಡೂ ನಿಲ್ದಾಣಗಳ ಬಗ್ಗೆ ವಿಚಾರಿಸಿ. ಕುರ್ಚಿಯ ಉದ್ದ, ಅಗಲ, ಎತ್ತರ ಮತ್ತು ತೂಕವನ್ನೂ ಕೊಡಿ, ಏಕೆಂದರೆ ಸಣ್ಣ ವಿಮಾನದ ಸರಕು ಬಾಗಿಲಿನಲ್ಲಿ ದೊಡ್ಡ ಕುರ್ಚಿ ತೂರದಿರಬಹುದು.

ಹೆಚ್ಚು ಗಮನ ಕೊಡಬೇಕಾದದ್ದು ಬ್ಯಾಟರಿಯ ವಿಷಯ. ಲಿಥಿಯಂ ಬ್ಯಾಟರಿಯನ್ನು ಕುರ್ಚಿಯಿಂದ ತೆಗೆಯುವುದಾದರೆ ಅದು 300 ವ್ಯಾಟ್-ಅವರ್ ಮೀರಬಾರದು. ಎರಡು ಬ್ಯಾಟರಿಗಳ ಕುರ್ಚಿಯಾದರೆ ಒಂದೊಂದರ ಮಿತಿ 160. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಈ ಲೆಕ್ಕ ಸಿಗುತ್ತದೆ: 24 ವೋಲ್ಟ್, 10 ಆಂಪಿಯರ್-ಅವರ್ ಎಂದು ಬರೆದಿದ್ದರೆ 240. ತೆಗೆದ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ನಿಮ್ಮ ಜೊತೆಗೇ ಒಳಗೆ ಒಯ್ಯಬೇಕು. ಅದನ್ನು ಸರಕಿಗೆ ಹಾಕುವಂತಿಲ್ಲ. ಬ್ಯಾಟರಿಯ ವಿವರವಿರುವ ತಯಾರಕರ ಹಾಳೆಯೊಂದನ್ನು ಮುದ್ರಿಸಿ ಇಟ್ಟುಕೊಂಡರೆ ಭದ್ರತಾ ತಪಾಸಣೆಯಲ್ಲಿ ವಾದ ಬೆಳೆಯುವುದಿಲ್ಲ.

ಚೆಕ್-ಇನ್ ಕೌಂಟರಿನಲ್ಲಿಯೇ ಕುರ್ಚಿಯನ್ನು ಒಪ್ಪಿಸಿ, ನಿಲ್ದಾಣದ ಕುರ್ಚಿಯಲ್ಲಿ ಕೂರುವಂತೆ ಒತ್ತಾಯಿಸುವುದುಂಟು. ಅಳತೆಗೆ ಹೊಂದದ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತರೆ ಹುಣ್ಣಾಗುವ ಅಪಾಯವಿರುವುದರಿಂದ, ವಿಮಾನದ ಬಾಗಿಲವರೆಗೂ ನಿಮ್ಮ ಕುರ್ಚಿಯಲ್ಲೇ ಬರುವುದಾಗಿ ವಿನಯದಿಂದ ಆದರೆ ಗಟ್ಟಿಯಾಗಿ ಹೇಳಿ. ಕುರ್ಚಿಯನ್ನು ಕೊಡುವ ಮುನ್ನ ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ. ದಿಂಬು, ಕಾಲಿಡುವ ಹಲಗೆ, ಜಾಯ್‌ಸ್ಟಿಕ್ ಮುಂತಾಗಿ ಕಳಚಬಹುದಾದುದೆಲ್ಲವನ್ನೂ ಒಳಗೆ ಒಯ್ಯಿರಿ. ಕುರ್ಚಿಯನ್ನು ಎಲ್ಲಿ ಹಿಡಿದು ಎತ್ತಬೇಕು, ಬ್ರೇಕ್ ಎಲ್ಲಿದೆ ಎಂಬುದನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದು ಕುರ್ಚಿಗೆ ಕಟ್ಟುವುದು ಒಳ್ಳೆಯದು. ಸರಕು ಏರಿಸುವವರು ನಿಮ್ಮನ್ನು ಕಂಡೇ ಇರುವುದಿಲ್ಲ.

ಒಳಗೆ, ದಾರಿಯ ಬದಿಯ ಕೈಯಾಸರೆ ಮೇಲೇಳದಂತೆ ಕಂಡರೂ ಹಲವು ಆಸನಗಳಲ್ಲಿ ಅದರ ಕೆಳಗೆ, ಹಿಂಭಾಗದಲ್ಲಿ, ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನೊತ್ತಲು ಪರಿಚಾರಕರಿಗೆ ಹೇಳಿದರೆ ಪಕ್ಕಕ್ಕೆ ಜಾರಿ ಕೂರುವುದು ಸುಲಭ. ಎ320, 737ರಂಥ ವಿಮಾನಗಳ ಶೌಚಾಲಯ ತೀರ ಇಕ್ಕಟ್ಟಾದದ್ದು. ಹೊರಡುವ ಮೊದಲೇ ನಿಲ್ದಾಣದ ಅಂಗವಿಕಲಸ್ನೇಹಿ ಶೌಚಾಲಯ ಬಳಸಿಕೊಳ್ಳಿ. ಕೊನೆಯಲ್ಲಿ ಇಳಿಯಬೇಕಾಗುವುದರಿಂದ ಮುಂದಿನ ವಿಮಾನಕ್ಕೆ ಸಾಕಷ್ಟು ಬಿಡುವು ಇರಲಿ.

ಅಂಗವೈಕಲ್ಯದ ಕಾರಣವೊಂದರಿಂದಲೇ ಪ್ರಯಾಣ ನಿರಾಕರಿಸುವಂತಿಲ್ಲ. ಡಿಜಿಸಿಎ ನಿಯಮದ 2022ರ ತಿದ್ದುಪಡಿಯ ಪ್ರಕಾರ, ಹಾರಾಟದಲ್ಲಿ ಆರೋಗ್ಯ ಕೆಡಬಹುದೆಂಬ ಅನುಮಾನ ಬಂದರೆ ಸಂಸ್ಥೆಯು ವೈದ್ಯರಿಂದ ಮುಖಾಮುಖಿ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು. ಅಂಗವೈಕಲ್ಯದ ಕಾರಣಕ್ಕೆ ವಿಮಾನದಿಂದ ಕೆಳಗಿಳಿಸಲ್ಪಟ್ಟಿದ್ದ ಜೀಜಾ ಘೋಷ್ ಅವರಿಗೆ ಸುಪ್ರೀಂ ಕೋರ್ಟ್ 2016ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದನ್ನು ಅಗತ್ಯಬಿದ್ದರೆ ನೆನಪಿಸಬಹುದು. ಕುರ್ಚಿ ಮುರಿದು ಬಂದರೆ ನಿಲ್ದಾಣ ಬಿಡುವ ಮೊದಲೇ ಲಿಖಿತ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆಗಾರಿಕೆ ಕುರಿತ ಮಾಂಟ್ರಿಯಲ್ ಒಪ್ಪಂದ ಇದಕ್ಕೆ ಕೊಡುವ ಗಡುವು, ಸಾಮಾನು ಕೈಸೇರಿದ ದಿನದಿಂದ 7 ದಿನ. ತೃಪ್ತಿಕರ ಉತ್ತರ ಬಾರದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ಆ ಪ್ರತಿ ಮತ್ತು ಚಿತ್ರಗಳೊಂದಿಗೆ ದೂರು ದಾಖಲಿಸಿ.