ಲೈಟ್ ಕಂಬಕ್ಕೆ ಕಟ್ಟಿದ ಆ ನೋಟಿಸ್ ಓದಿ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮನೆ, ಬ್ಯಾಂಕ್ ಖಾತೆ, ಜಿಪಿ (ನಮ್ಮ ಏರಿಯಾದ ಡಾಕ್ಟರು), ಮಕ್ಕಳ ಸ್ಕೂಲು ಎಲ್ಲ ಒಂದು ದಾರಿಗೆ ಬಂದ ಮೇಲೆ ನಮ್ಮವರು ವಾಟ್ಸಾಪ್ ಗುಂಪಿನಲ್ಲಿ ಕೇಳುವ ಪ್ರಶ್ನೆಗಳು ಬದಲಾಗುತ್ತವೆ. "ಪಕ್ಕದ ಮನೆಯವರು ಹಿಂದುಗಡೆ ಎರಡು ಮಹಡಿ ಏರಿಸ್ತಾರಂತೆ, ನಾವೇನಾದರೂ ಹೇಳಬಹುದಾ?" "ಎದುರಿನ ಹೊಲದಲ್ಲಿ ಮುನ್ನೂರು ಮನೆ ಬರ್ತವಂತೆ, ಈಗಲೇ ಜಿಪಿ ಸಿಗಲ್ಲ, ಆಮೇಲೆ ಗತಿ ಏನು?" ಪ್ರಶ್ನೆ ಗುಂಪಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಕೊನೆಯ ದಿನ ಕಳೆದಿರುತ್ತದೆ. ಹಾಗಾಗಿ, ಕಟ್ಟಡಕ್ಕೆ ಅನುಮತಿ ಕೇಳಿ ಕೌನ್ಸಿಲ್‌ಗೆ (ಅಂದರೆ ಊರಿನ ಸ್ಥಳೀಯ ಆಡಳಿತಕ್ಕೆ) ಹಾಕುವ ಪ್ಲಾನಿಂಗ್ ಅರ್ಜಿಯ ಬಗ್ಗೆ ನಮ್ಮ ಅಭಿಪ್ರಾಯ ಕಳಿಸುವುದು ಹೇಗೆ ಅಂತ ಮೊದಲೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದು ಇಂಗ್ಲೆಂಡಿನ ಪದ್ಧತಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ನಿಯಮ ಬೇರೆ.

"ನಾವು ವೀಸಾದ ಮೇಲೆ ಇರೋರು, ಬಾಡಿಗೆ ಮನೆ ಬೇರೆ, ನಮಗ್ಯಾಕೆ ಊರ ಉಸಾಬರಿ" ಅನ್ನುವವರು ಬಹಳ. ಪ್ಲಾನಿಂಗ್ ಅರ್ಜಿಯ ಬಗ್ಗೆ ಬರೆಯಲು ಸ್ವಂತ ಮನೆ ಬೇಕಿಲ್ಲ, ಪೌರತ್ವವೂ ಬೇಕಿಲ್ಲ. ಬಾಡಿಗೆದಾರರೂ ಬರೆಯಬಹುದು. ಕೌನ್ಸಿಲ್ ಟ್ಯಾಕ್ಸ್ ಹೇಗೂ ನಮ್ಮ ಜೇಬಿನಿಂದಲೇ ಹೋಗುತ್ತಿದೆ, ಅಲ್ವಾ? ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಇಲ್ಲಿ ವಾಸಿಸಲು ವೀಸಾ ಇರುವ, 18 ತುಂಬಿದ ಭಾರತೀಯ ಪಾಸ್‌ಪೋರ್ಟಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡು ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ನೀವು ಮತದಾರರು. ಅವರ ಹತ್ತಿರ ಮಾತಾಡುವಾಗ ಹಿಂಜರಿಯಬೇಡಿ.

ಇನ್ನು, ಅರ್ಜಿ ಬಂದಿದೆ ಅಂತ ತಿಳಿಸುವ ಆ ನೋಟಿಸ್. ಪ್ಲಾಸ್ಟಿಕ್ ಹೊದಿಸಿದ ಒಂದು ಎ4 ಹಾಳೆ, ಕೇಬಲ್ ಟೈ ಹಾಕಿ ಲೈಟ್ ಕಂಬಕ್ಕೋ ಬೇಲಿಗೋ ಕಟ್ಟಿರುತ್ತಾರೆ. ಕೆಲವು ಕಡೆ ಹಳದಿ ಕಾಗದ, ಕೆಲವು ಕಡೆ ಬಿಳಿ. ಒಂದೆರಡು ಮಳೆ ಬಿದ್ದರೆ ಅಕ್ಷರ ಕದಡಿ ಹೋಗುತ್ತದೆ. ಅದರಲ್ಲಿ ನೋಡಬೇಕಾದದ್ದು ಎರಡೇ: ಅರ್ಜಿಯ ನಂಬರು ಮತ್ತು ಅಭಿಪ್ರಾಯ ಕಳಿಸಲು ಕೊನೆಯ ದಿನ. ಅಕ್ಕಪಕ್ಕದವರಿಗೆ ಕೌನ್ಸಿಲ್ ಪತ್ರ ಹಾಕುವುದೂ ಉಂಟು. ಪತ್ರದ ಮೇಲೆ ಬರೀ "ನಿವಾಸಿ" ಅಂತ ಇರುತ್ತದೆ, ನಾವು ಅದನ್ನು ಪಿಜ್ಜಾ ಜಾಹೀರಾತಿನ ಜೊತೆ ಕಸಕ್ಕೆ ಹಾಕಿಬಿಡುತ್ತೇವೆ. ಸಾಮಾನ್ಯವಾಗಿ ಸಿಗುವ ಸಮಯ 21 ದಿನ. ಚಿಕ್ಕ ಅರ್ಜಿಗಳನ್ನು 8 ವಾರದಲ್ಲಿ, ದೊಡ್ಡವನ್ನು 13 ವಾರದಲ್ಲಿ ಇತ್ಯರ್ಥ ಮಾಡಬೇಕೆಂಬ ಗಡುವು ಕೌನ್ಸಿಲ್‌ಗೆ ಇದೆ. 10 ಅಥವಾ ಅದಕ್ಕಿಂತ ಹೆಚ್ಚು ಮನೆ ಇದ್ದರೆ ಅದು ದೊಡ್ಡ ಅರ್ಜಿ.

ನಂಬರು ಸಿಕ್ಕಿದ ಮೇಲೆ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹುಡುಕಿ. ದಾಖಲೆಗಳು ರಾಶಿ ಇರುತ್ತವೆ, ಎಲ್ಲವನ್ನೂ ಓದಲು ಕೂತರೆ ಬೇಸರ ಬಂದು ಬಿಟ್ಟುಬಿಡುತ್ತೀರಿ. ಮೊದಲು ಜಾಗದ ನಕ್ಷೆ ತೆಗೆಯಿರಿ. ಕೆಂಪು ಗೆರೆಯೊಳಗಿನ ಜಾಗಕ್ಕೆ ಮಾತ್ರ ಅರ್ಜಿ. ನೀಲಿ ಗೆರೆ ಇದ್ದರೆ ಅದು ಅರ್ಜಿದಾರರದೇ ಪಕ್ಕದ ಜಮೀನು. ಮುಂದೆ ಅಲ್ಲೇನು ಬರಬಹುದು ಅಂತ ನೀವೇ ಊಹಿಸಿಕೊಳ್ಳಿ. ಆಮೇಲೆ ಈಗ ಇರುವ ಕಟ್ಟಡದ ಚಿತ್ರ, ಮುಂದೆ ಬರುವ ಕಟ್ಟಡದ ಚಿತ್ರ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಿಟಕಿಗಳು ಎಲ್ಲಿ ಬರುತ್ತವೆ, ಎತ್ತರ ಎಷ್ಟು, ಕಾರು ನಿಲ್ಲಿಸಲು ಜಾಗ ಎಷ್ಟು. ಮನೆ ವಿಸ್ತರಣೆಯ ಅರ್ಜಿಗಾದರೆ ಇಷ್ಟು ಸಾಕು.

ಒಂದು ಮಾತು ನೆನಪಿರಲಿ. ಎಲ್ಲ ಕಟ್ಟಡಕ್ಕೂ ಈ ಅರ್ಜಿ ಬೇಕಾಗುವುದಿಲ್ಲ. ಒಂಟಿ ಮನೆಯ ಹಿಂದೆ 4 ಮೀಟರ್, ಅಂಟಿಕೊಂಡಿರುವ ಮನೆಯ ಹಿಂದೆ 3 ಮೀಟರ್ ತನಕ ಒಂದು ಅಂತಸ್ತಿನ ವಿಸ್ತರಣೆಗೆ, ಉಳಿದ ಷರತ್ತುಗಳು ಸರಿಯಿದ್ದರೆ, ಅನುಮತಿ ಕೇಳಬೇಕಿಲ್ಲ. ಸುಮ್ನೆ ಜಗಳಕ್ಕೆ ಹೋಗಬೇಡಿ.

ಏನು ಬರೆಯಬೇಕು ಅನ್ನುವಲ್ಲೇ ನಮ್ಮವರು ಎಡವುವುದು. "ಈ ಕಟ್ಟಡ ಬಂದರೆ ನಮ್ಮ ಮನೆಯ ರೇಟು ಬಿದ್ದುಹೋಗುತ್ತದೆ." ಲೆಕ್ಕಕ್ಕಿಲ್ಲ. "ನಮ್ಮ ಬೆಡ್‌ರೂಮಿನಿಂದ ಕಾಣುವ ಗುಡ್ಡ ಮುಚ್ಚಿಹೋಗುತ್ತದೆ." ಲೆಕ್ಕಕ್ಕಿಲ್ಲ. "ಆ ಬಿಲ್ಡರ್ ದುಡ್ಡಿಗೋಸ್ಕರ ಏನು ಬೇಕಾದರೂ ಮಾಡ್ತಾನೆ." ಇದಂತೂ ಬರೆಯಲೇಬಾರದು. ಬೇಲಿಯ ಗಡಿ ಯಾರದು ಅನ್ನುವ ತಕರಾರೂ ಕೌನ್ಸಿಲ್‌ಗೆ ಸಂಬಂಧಿಸಿದ್ದಲ್ಲ. ಲೆಕ್ಕಕ್ಕೆ ಬರುವುದು ಬೇರೆಯೇ: ಕಿಟಕಿಯಿಂದ ನಿಮ್ಮ ಮನೆಯೊಳಗೆ ನೇರ ಕಾಣುವುದು, ಬೆಳಕು ತಪ್ಪುವುದು, ರಸ್ತೆ ಸುರಕ್ಷತೆ, ಪಾರ್ಕಿಂಗ್, ಗದ್ದಲ, ಮರಗಳು, ಚರಂಡಿ ಮತ್ತು ಪ್ರವಾಹ, ಹಳೆಯ ಸಂರಕ್ಷಿತ ಕಟ್ಟಡಗಳು, ಸುತ್ತಲಿನ ಬೀದಿಗೆ ಹೊಂದದ ವಿನ್ಯಾಸ. ಇವುಗಳಲ್ಲಿ ನಿಮ್ಮ ವಿಷಯ ಯಾವುದೋ ಅದನ್ನೇ ಹಿಡಿಯಿರಿ.

ಬರೆಯುವ ರೀತಿಗೆ ಒಂದು ಮಾದರಿ ಕೊಡುತ್ತೇನೆ. "ಇದರಿಂದ ನಮ್ಮ ಪ್ರೈವಸಿ ಹಾಳಾಗುತ್ತದೆ" ಅಂದರೆ ಓದುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: "ಮೊದಲ ಮಹಡಿಯ ಪಶ್ಚಿಮದ ಗೋಡೆಯಲ್ಲಿ ಹೊಸ ಮಲಗುವ ಕೋಣೆಯ ಕಿಟಕಿ ಬರುತ್ತಿದೆ. ಅಲ್ಲಿಂದ ನಮ್ಮ ಅಡುಗೆಮನೆಗೂ ಹಿತ್ತಲಿಗೂ ಸುಮಾರು 9 ಮೀಟರ್. ಆ ಕಿಟಕಿಗೆ ಮಬ್ಬು ಗಾಜು ಹಾಕಿ, ತೆರೆಯಲಾಗದಂತೆ ಕೂರಿಸಬೇಕೆಂಬ ಷರತ್ತು ವಿಧಿಸಿ." ಎದುರು ಬದುರಿನ ಕಿಟಕಿಗಳ ನಡುವೆ 21 ಮೀಟರ್ ಇರಬೇಕು ಅಂತ ಹಲವು ಕೌನ್ಸಿಲ್‌ಗಳ ವಿನ್ಯಾಸ ಮಾರ್ಗಸೂಚಿಯಲ್ಲಿ ಇರುತ್ತದೆ. ನಿಮ್ಮ ಕೌನ್ಸಿಲ್‌ನದ್ದರಲ್ಲೂ ಇದ್ದರೆ ಅದನ್ನೂ ಸೇರಿಸಿ. ಗಮನಿಸಿ, ಮೇಲಿನ ಮಾದರಿಯಲ್ಲಿ "ಕಟ್ಟಲೇಬೇಡಿ" ಅಂದಿಲ್ಲ. ಪೂರ್ತಿ ನಿಲ್ಲಿಸುವುದು ಕಷ್ಟ, ಆದರೆ ಷರತ್ತು ಹಾಕಿಸುವುದು ಎಷ್ಟೋ ಸಲ ಆಗುವ ಕೆಲಸ. ಪಕ್ಕದ ಮನೆಯವರ ಜೊತೆ ನಾಳೆಯೂ ಬದುಕಬೇಕು ನೋಡಿ. ಬರೆಯುವ ಮುಂಚೆ ಒಂದು ಸಲ ಬಾಗಿಲು ತಟ್ಟಿ ಮಾತಾಡಿದರೆ ಎಷ್ಟೋ ಜನ ತಾವೇ ನಕ್ಷೆ ಬದಲಿಸುತ್ತಾರೆ.

ನೀವು ಬರೆದದ್ದು ಊರಿಗೆಲ್ಲ ಕಾಣುತ್ತದೆ. ಹೆಸರು, ವಿಳಾಸ ಕೊಡಬೇಕು, ಎಷ್ಟೋ ಕೌನ್ಸಿಲ್‌ಗಳು ಅವನ್ನು ಕಾಮೆಂಟಿನ ಜೊತೆಯೇ ಪ್ರಕಟಿಸುತ್ತವೆ. ಫೋನ್ ನಂಬರು, ಮಕ್ಕಳ ಸ್ಕೂಲಿನ ಸಮಯ, "ವಾರವೆಲ್ಲ ಮನೆಯಲ್ಲಿ ಯಾರೂ ಇರುವುದಿಲ್ಲ" ಇಂಥವನ್ನು ಸೇರಿಸಬೇಡಿ.

ಬೆಂಗಳೂರಿನಿಂದ ಬಂದವರಿಗೆ ಸ್ಟೀಲ್ ಫ್ಲೈಓವರ್ ಗಲಾಟೆ ನೆನಪಿರಬಹುದು. 2016ರ ಅಕ್ಟೋಬರಿನಲ್ಲಿ ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು, "ಬೇಡ" ಅಂದರು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ಅನುಭವ ಇಟ್ಟುಕೊಂಡು ಇಲ್ಲಿಗೆ ಬಂದವರು ಮೊದಲು ಮಾಡುವ ಕೆಲಸ ಒಂದೇ ಒಕ್ಕಣೆಯ ಪತ್ರವನ್ನು ಇನ್ನೂರು ಜನರಿಂದ ಕಳಿಸುವುದು. ಇಲ್ಲಿ ತಲೆ ಎಣಿಸುವುದಿಲ್ಲ. ಹಲವು ಕೌನ್ಸಿಲ್‌ಗಳು ಸಹಿ ಸಂಗ್ರಹವನ್ನು ಒಂದೇ ಆಕ್ಷೇಪಣೆಯಾಗಿ ಲೆಕ್ಕ ಹಾಕುತ್ತವೆ. ಇನ್ನೂರು ನಕಲಿಗಿಂತ, ಆ ತಿರುವಿನಲ್ಲಿ ದಿನಾ ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಹೋಗುವ ಒಬ್ಬ ತಾಯಿ ತನ್ನ ಮಾತಿನಲ್ಲಿ ಬರೆದದ್ದು ಹೆಚ್ಚು ತೂಗುತ್ತದೆ. ಗುಂಪಾಗಿ ಬರೆಯುವುದಾದರೆ ವಿಷಯ ಹಂಚಿಕೊಳ್ಳಿ. ಒಬ್ಬರು ಪಾರ್ಕಿಂಗ್, ಒಬ್ಬರು ಮರ, ಒಬ್ಬರು ಫುಟ್‌ಪಾತ್.

ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅರ್ಜಿಗಳನ್ನು ಅಧಿಕಾರಿಗಳೇ ತೀರ್ಮಾನ ಮಾಡುತ್ತಾರೆ. ಉಳಿದ ಕೆಲವು ಮಾತ್ರ ಕೌನ್ಸಿಲರ್‌ಗಳ ಸಮಿತಿಗೆ ಹೋಗುತ್ತವೆ. ನಿಮ್ಮ ವಾರ್ಡಿನ ಕೌನ್ಸಿಲರ್ ಕೇಳಿದರೆ ಅರ್ಜಿಯನ್ನು ಸಮಿತಿಗೆ ತರಿಸುವ ಅವಕಾಶ ಹಲವು ಕಡೆ ಇದೆ, ಆದರೆ ಅದಕ್ಕೂ ಗಡುವು ಇರುತ್ತದೆ, ಕಾರಣ ಕೊಡಬೇಕು. ಸಮಿತಿಯಲ್ಲಿ ಮಾತಾಡಲು ಸಿಗುವುದು ಸಾಮಾನ್ಯವಾಗಿ 3 ನಿಮಿಷ. ಮೊದಲೇ ಹೆಸರು ಕೊಟ್ಟಿರಬೇಕು. ಬರೆದುಕೊಂಡು ಹೋಗಿ, ಮನೆಯಲ್ಲಿ ಗಡಿಯಾರ ಇಟ್ಟು ಓದಿ ನೋಡಿ. ನಮ್ಮ ಪೀಠಿಕೆಯ ಅಭ್ಯಾಸ ಬಿಡಬೇಕು. "ಗಣ್ಯ ಮಹನೀಯರೇ" ಅನ್ನುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ.

ಅನುಮತಿ ಸಿಕ್ಕಿಬಿಟ್ಟರೆ ನೆರೆಯವರಿಗೆ ಮೇಲ್ಮನವಿಯ ಹಕ್ಕಿಲ್ಲ. ಅರ್ಜಿ ತಿರಸ್ಕಾರವಾದರೆ ಅರ್ಜಿದಾರರಿಗೆ ಆ ಹಕ್ಕು ಇದೆ. ಇದು ಸರಿಯೋ ತಪ್ಪೋ ಬೇರೆ ಚರ್ಚೆ, ನನಗಂತೂ ಸರಿ ಕಾಣುವುದಿಲ್ಲ. ಮನೆ ವಿಸ್ತರಣೆಯ ಮೇಲ್ಮನವಿಯಾದರೆ ಹೊಸದಾಗಿ ಬರೆಯುವ ಅವಕಾಶ ಕೂಡ ಸಾಮಾನ್ಯವಾಗಿ ನಿಮಗಿಲ್ಲ. ನೀವು ಮೊದಲು ಬರೆದ ಕಾಮೆಂಟನ್ನೇ ಮೇಲ್ಮನವಿ ತೀರ್ಮಾನಿಸುವ ಇನ್‌ಸ್ಪೆಕ್ಟರ್ ಓದುತ್ತಾರೆ. "ಮುಂದೆ ನೋಡಿಕೊಳ್ಳೋಣ" ಅಂತ ಮೊದಲ ಪತ್ರವನ್ನು ಚುಟುಕಾಗಿ ಮುಗಿಸಬೇಡಿ.

ಆದರೆ ನಿಜವಾದ ತೀರ್ಮಾನಗಳು ಆಗುವುದು ಅರ್ಜಿ ಬರುವ ವರ್ಷಗಳ ಮುಂಚೆ, ಲೋಕಲ್ ಪ್ಲಾನ್‌ನಲ್ಲಿ. ಯಾವ ಹೊಲದಲ್ಲಿ ಎಷ್ಟು ಮನೆ, ಸ್ಕೂಲು ಎಲ್ಲಿ, ಅಂಗಡಿ ಎಲ್ಲಿ, ಯಾವ ಜಾಗ ಹಸಿರಾಗಿ ಉಳಿಯಬೇಕು ಅಂತ ಕೌನ್ಸಿಲ್ ಬರೆದಿಡುವ ದಾಖಲೆ ಅದು. ಒಂದು ಹೊಲ ಅದರಲ್ಲಿ ವಸತಿಗೆ ಅಂತ ಸೇರಿದ ಮೇಲೆ "ಇಲ್ಲಿ ಮನೆಯೇ ಬೇಡ" ಅನ್ನುವ ಮಾತು ಹೆಚ್ಚುಕಡಿಮೆ ಮುಗಿದಂತೆ. ಇದರ ಸಮಾಲೋಚನೆಗೆ 6 ವಾರ ಅಥವಾ ಜಾಸ್ತಿ ಸಮಯ ಸಿಗುತ್ತದೆ, ಆದರೆ ಲೈಟ್ ಕಂಬದ ನೋಟಿಸ್ ಬರುವುದಿಲ್ಲ. ಕೌನ್ಸಿಲ್‌ನ ಪ್ಲಾನಿಂಗ್ ಪಾಲಿಸಿ ಇಮೇಲ್ ಪಟ್ಟಿಗೆ ಇವತ್ತೇ ಸೇರಿಕೊಳ್ಳಿ. ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರು ಕೊಳ್ಳುವ ಮುಂಚೆ ಇದರ ನಕ್ಷೆ ನೋಡಿ. ಸೇಲ್ಸ್ ಆಫೀಸಿನವರು "ಹಿಂದುಗಡೆ ಬರೀ ಹೊಲ" ಅಂದ ಮಾತ್ರಕ್ಕೆ ಅದು ಹೊಲವಾಗಿಯೇ ಉಳಿಯಬೇಕೆಂದೇನಿಲ್ಲ.

ಇಲ್ಲೇ ಇನ್ನೊಂದು ಮಾತು, ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ನಾವು ಇವತ್ತು ಇರುವ ಮನೆಗೂ ಹತ್ತು ವರ್ಷದ ಹಿಂದೆ ಯಾರೋ ಆಕ್ಷೇಪಣೆ ಬರೆದಿರುತ್ತಾರೆ. ನಾವು ಬಂದಾಯಿತು, ಇನ್ನು ಬಾಗಿಲು ಹಾಕಿ ಅನ್ನುವುದು ಚೆನ್ನಾಗಿ ಕಾಣುವುದಿಲ್ಲ. ಮನೆ ಬರಲಿ, ಜೊತೆಗೆ ಜಿಪಿ, ಬಸ್ಸು, ಸ್ಕೂಲು ಬರಲಿ ಅಂತ ಕೇಳೋಣ. ದೊಡ್ಡ ಅರ್ಜಿಗಳಲ್ಲಿ ಇದಕ್ಕೆ ಡೆವಲಪರ್‌ನಿಂದ ಹಣ ಪಡೆಯುವ ಸೆಕ್ಷನ್ 106 ಒಪ್ಪಂದ ಅಂತ ಇದೆ. ಅದರಲ್ಲಿ ಏನಿರಬೇಕು ಅಂತ ನೀವು ಸಲಹೆ ಕೊಡಬಹುದು. ಡೆವಲಪರ್ ಹಾಲ್‌ನಲ್ಲಿ ಬೋರ್ಡು ನಿಲ್ಲಿಸಿ, ಚಹಾ ಬಿಸ್ಕತ್ತು ಇಟ್ಟು ಪ್ರದರ್ಶನ ಮಾಡಿದಾಗ ಹೋಗಿ ಹೇಳಿ. ಆದರೆ ಅಲ್ಲಿ ತುಂಬಿದ ಫಾರಂ ಕೌನ್ಸಿಲ್‌ಗೆ ಕೊಟ್ಟ ಅಭಿಪ್ರಾಯ ಅಲ್ಲ. ಅರ್ಜಿ ಬಂದ ಮೇಲೆ ಕೌನ್ಸಿಲ್‌ಗೆ ಬೇರೆ ಬರೆಯಬೇಕು.

ಬೆಂಬಲಿಸಿಯೂ ಬರೆಯಬಹುದು, ಇದು ನಮಗೆ ಹೊಳೆಯುವುದೇ ಇಲ್ಲ. ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಹೋಗುತ್ತೇವೆ. ಅದು ಅಲ್ಲಿ ನಿಲ್ಲಲು ಲ್ಯಾಂಬೆತ್ ಕೌನ್ಸಿಲ್‌ನ ಪ್ಲಾನಿಂಗ್ ಅನುಮತಿ ಬೇಕಿತ್ತು, 1854ರ ಒಂದು ಕಾಯ್ದೆಯ ಪ್ರಕಾರ ಸರ್ಕಾರದ ಒಪ್ಪಿಗೆಯೂ ಬೇಕಿತ್ತು. ಅದರ ಹಿಂದೆ ಓಡಾಡಿದವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್, ಹಿಂದೆ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಕೌನ್ಸಿಲ್‌ನ ಒಳಗು ಹೊರಗು ಗೊತ್ತಿದ್ದವರು.

ನಮಗೆ ಪ್ರತಿಮೆಗಿಂತ ಹತ್ತಿರದ್ದು ಹಾಲ್. ಭಾನುವಾರದ ಕನ್ನಡ ಕ್ಲಾಸು, ರಾಜ್ಯೋತ್ಸವದ ರಿಹರ್ಸಲ್, ಗಣೇಶನ ಹಬ್ಬ ಎಲ್ಲ ನಡೆಯುವುದು ಬಾಡಿಗೆಯ ಕಮ್ಯುನಿಟಿ ಹಾಲ್‌ನಲ್ಲೋ ಚರ್ಚ್ ಹಾಲ್‌ನಲ್ಲೋ. ಅದನ್ನು ಕೆಡವಿ ಫ್ಲ್ಯಾಟ್ ಕಟ್ಟುವ ಅರ್ಜಿ ಬಂದರೆ, ಸಮುದಾಯದ ಜಾಗ ಕಳೆದುಹೋಗುವುದು ಪ್ಲಾನಿಂಗ್‌ನಲ್ಲಿ ಲೆಕ್ಕಕ್ಕೆ ಬರುವ ವಿಷಯ. ಯಾವ ದಿನ, ಎಷ್ಟು ಮಕ್ಕಳು, ಎಷ್ಟು ವರ್ಷದಿಂದ, ಹತ್ತಿರದಲ್ಲಿ ಬೇರೆ ಹಾಲ್ ಯಾಕೆ ಆಗುವುದಿಲ್ಲ ಅಂತ ಬರೆಯಿರಿ. ಬುಕಿಂಗ್ ರಸೀದಿಗಳನ್ನು ಈಗಿನಿಂದಲೇ ಎತ್ತಿಡಿ. ಅರ್ಜಿ ಬರುವವರೆಗೂ ಕಾಯಬೇಕಿಲ್ಲ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಆ ಊರಿನ 21 ಮತದಾರರ ಗುಂಪು ಒಂದು ಹಾಲ್ ಅನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ ಅಂತ ಕೌನ್ಸಿಲ್ ಪಟ್ಟಿಗೆ ಸೇರಿಸಲು ಕೇಳಬಹುದು. ಇಲ್ಲೂ ಮತದಾರರ ಪಟ್ಟಿಯೇ ಕೆಲಸಕ್ಕೆ ಬರುವುದು. ಬಿಂಗೋ ಆಡಲು ಬರುವ ಅಜ್ಜಿಯರು, ಸ್ಕೌಟ್ ಮಕ್ಕಳ ಅಪ್ಪ ಅಮ್ಮಂದಿರನ್ನೂ ಸೇರಿಸಿಕೊಳ್ಳಿ. ಬರೀ ನಮ್ಮ ಹೆಸರುಗಳಿದ್ದರೆ ಹಾಲ್ ನಮಗೊಬ್ಬರಿಗೇ ಬೇಕು ಅಂದಂತಾಗುತ್ತದೆ.

ಅನುಮತಿ ಕೊಟ್ಟ ಮೇಲೆ ಬರುವ ತೀರ್ಮಾನದ ಪತ್ರವನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಷರತ್ತುಗಳೆಲ್ಲ ಅದರಲ್ಲಿರುತ್ತವೆ: ಯಾವ ಗಾಜು, ಯಾವ ಮರ ಉಳಿಯಬೇಕು, ಕೆಲವು ಸಲ ಕೆಲಸ ಎಷ್ಟು ಗಂಟೆಗೆ ಶುರುವಾಗಬೇಕು ಅನ್ನುವುದೂ. ಮಬ್ಬು ಗಾಜಿನ ಜಾಗದಲ್ಲಿ ಸಾದಾ ಗಾಜು ಕಂಡರೆ ದಿನಾಂಕ ಹಾಕಿ ಫೋಟೋ ತೆಗೆಯಿರಿ, ಷರತ್ತಿನ ನಂಬರು ನಮೂದಿಸಿ ಷರತ್ತು ಪಾಲನೆ ನೋಡಿಕೊಳ್ಳುವ ಕೌನ್ಸಿಲ್‌ನ ಪ್ಲಾನಿಂಗ್ ಎನ್‌ಫೋರ್ಸ್‌ಮೆಂಟ್ ವಿಭಾಗಕ್ಕೆ ಕಳಿಸಿ.