ಪುಣೆದಾಗ ಮೊದಲನೇ ಬೈಕು, ಅದೂ ಹಳೇದು: ಏನೇನು ನೋಡಿ ತೊಗೋಬೇಕು

ಕೆಲಸಕ್ಕೋ ಕಾಲೇಜಿಗೋ ಅಂತ ಪುಣೆಕ್ಕ ಬಂದ ನಮ್ಮ ಕಡೆ ಹುಡುಗ್ರು ಸ್ವಲ್ಪ ದಿನಕ್ಕ ಕೇಳೂದು ಇದನ್ನ. ಬಸ್ಸಿಗೆ ಕಾದು ಕಾದು ಸಾಕಾಗಿರ್ತೈತಿ, ದಿನಾ ರಿಕ್ಷಾಕ್ಕ ರೊಕ್ಕ ಹಾಕೂದು ಆಗಂಗಿಲ್ಲ, ಹೊಸ ಗಾಡಿಗೆ ಇಎಂಐ ಕಟ್ಟೂ ಮನಸ್ಸಿಲ್ಲ, ಅದಕ್ಕ ಎಂಟ್ಹತ್ತು ವರ್ಷದ್ದೊಂದು ಹಳೇ ಗಾಡಿ ನೋಡ್ರಿ ಅಂತಾರ. ವಿಚಾರ ಛಲೋನ ಐತಿ. ಕಲಿಯೂವಾಗ ಒಂದೆರಡು ಸಲ ಬೀಳೂದು ಇದ್ದದ್ದೇ, ಹೊಸದಕ್ಕ ಗೀರು ಬಿದ್ರ ಹೊಟ್ಟಿ ಉರೀತೈತಿ, ಹಳೇದಕ್ಕ ಮೊದ್ಲ ನಾಕು ಗೀರು ಇರ್ತಾವ, ಐದನೇದು ಯಾರಿಗೂ ಕಾಣಂಗಿಲ್ಲ. ಆದ್ರ ಎಲ್ಲಾರೂ ಮೊದ್ಲ ಇಂಜಿನ್ ನೋಡ್ತಾರ, ನಾ ಅನ್ನೂದು ಮೊದ್ಲ ಕಾಗದ ನೋಡ್ರಿ ಅಂತ. ಇಂಜಿನ್ ಕೆಟ್ರ ಮಿಸ್ತ್ರಿ ಸಿಗ್ತಾನ, ಆರ್‌ಸಿ (ಗಾಡಿ ನೋಂದಣಿ ಕಾಗದ) ಮ್ಯಾಲೆ ಹೆಸರಿದ್ದ ಮನುಷ್ಯಾನ ಸಿಗಲಿಲ್ಲಂದ್ರ ಏನು ಮಾಡ್ತೀರಿ.

ಪುಣೆ ಅಂದ್ರ ಸ್ಟೂಡೆಂಟ್ ಊರು. ಕೊಥ್ರೂಡ್, ಕರ್ವೇನಗರ, ಕಾತ್ರಜ್ ಕಡೆ ಒಂದ ಗಾಡಿ ಒಂದು ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ದಾಟ್ಕೋತ ಹೋಗಿರ್ತೈತಿ, ಆರ್‌ಟಿಓ ಬಾಗಿಲು ಯಾರೂ ತುಳದಿರಂಗಿಲ್ಲ. ಮಾರಾವ ಹೇಳ್ತಾನ, ಸಹಿ ಮಾಡಿದ ಟಿಟಿ ಫಾರ್ಮ್ ಐತಿ, ಫಸ್ಟ್ ಓನರ್ ಬೆಂಗಳೂರಾಗ ಅದಾನ, ನೀ ಯಾವಾಗ ಬೇಕಂದ್ರ ಆವಾಗ ಟ್ರಾನ್ಸ್‌ಫರ್ ಮಾಡ್ಕೊ ಅಂತ. ಅಲ್ಲೇ ಕೈ ಮುಗದು ಹೊಳ್ಳಿ ಬರ್ರಿ. ಟಿಟಿ ಫಾರ್ಮ್ ಅಂದ್ರ ಗಾಡಿ ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಮಾಡೂ ಫಾರ್ಮ್ 29 ಮತ್ತ 30, ಅದರ ಮ್ಯಾಲಿನ ಸಹಿ ಆರ್‌ಸಿ ಓನರ್‌ದ್ದ ಇರಬೇಕು. ಈಗ ಅರ್ಜಿ ಎಲ್ಲಾ ಆನ್‌ಲೈನ್ ಆಗಿ ಓಟಿಪಿನೂ ಅವನ ಮೊಬೈಲಿಗೇ ಹೋಗ್ತೈತಿ, ನಡುವಿನ ಮೂರು ಮಂದಿ ಕಡೆ ಎಷ್ಟು ಕಾಗದಿದ್ರೂ ಉಪಯೋಗಿಲ್ಲ. ಆರ್‌ಸಿ ಮ್ಯಾಲಿನ ಮನುಷ್ಯಾ ನಿಮ್ಮ ಎದುರು ಬಂದು ಕುಂತು ಸಹಿ ಹಾಕಿದ್ರ ಮಾತ್ರ ರೊಕ್ಕ ಎಣಸ್ರಿ.

ಸರ್ಕಾರದ ಎಂಪರಿವಾಹನ್ ಆ್ಯಪ್‌ನ್ಯಾಗ ನಂಬರ್ ಹಾಕಿದ್ರ ರಿಜಿಸ್ಟ್ರೇಶನ್ ತಾರೀಖು, ಇನ್ಶೂರೆನ್ಸು, ಪಿಯುಸಿ (ಹೊಗಿ ತಪಾಸಣಿ ಸರ್ಟಿಫಿಕೇಟು), ಎಲ್ಲಾ ಕಾಣಸ್ತೈತಿ. ಹೈಪೋಥಿಕೇಶನ್ ಅಂತ ಯಾವುದರೆ ಬ್ಯಾಂಕಿನ ಹೆಸರು ಬಂತು ಅಂದ್ರ ಸಾಲ ಬಾಕಿ ಐತಿ, ಇಲ್ಲಾ ತೀರಿದ್ರೂ ತೆಗಸಿಲ್ಲ ಅಂತ ಅರ್ಥ, ಬ್ಯಾಂಕಿನ ಎನ್‌ಓಸಿ (ತಕರಾರಿಲ್ಲ ಅನ್ನೂ ಪತ್ರ) ಮತ್ತ ಆ ಹೆಸರು ತೆಗಸೂ ಫಾರ್ಮ್ 35 ಕೈಗೆ ಬರೂತನಕ ಅಡ್ವಾನ್ಸ್ ಕೊಡಬ್ಯಾಡ್ರಿ. ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಸೈಟಿನ್ಯಾಗ ಇ-ಚಲನ್ ನೋಡ್ರಿ, ಹೆಲ್ಮೆಟ್ ಇಲ್ಲದ್ದು, ಸಿಗ್ನಲ್ ಹಾರಿದ್ದು ಎಲ್ಲಾ ಆ ಗಾಡಿ ಲೆಕ್ಕಕ್ಕ ಕುಂತಿರ್ತೈತಿ, ಅದನ್ನ ಮಾರಾವನ ಕಟ್ಟಬೇಕು. 2019 ಏಪ್ರಿಲ್ 1ರ ಮೊದ್ಲ ರಿಜಿಸ್ಟರ್ ಆದ ಗಾಡಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕ್ಸೈತೇನು ಅದನ್ನೂ ಕೇಳ್ರಿ.

ಆಮ್ಯಾಲೆ ವರ್ಷ. ಪ್ರೈವೇಟ್ ಗಾಡಿ ಆರ್‌ಸಿ 15 ವರ್ಷ ನಡೀತೈತಿ, ಅದಾದ ಮ್ಯಾಲೆ ಗಾಡಿ ಆರ್‌ಟಿಓಕ್ಕ ಒಯ್ದು ತೋರ್ಸಿ 5 ವರ್ಷಕ್ಕ ರಿನ್ಯೂ ಮಾಡ್ಸಬೇಕು, ಮಹಾರಾಷ್ಟ್ರದಾಗ ಮ್ಯಾಲೆ ಪರ್ಯಾವರಣ ಕರ ಬ್ಯಾರೆ. 14 ವರ್ಷದ ಗಾಡಿ ಇಷ್ಟು ಸೋವಿ ಯಾಕ ಅಂತ ಅನಿಸಿದ್ರ ಕಾರಣ ಬಹಳ ಸಲ ಇದೇ.

ಯಾವ ಗಾಡಿ ಅಂದ್ರ, ನನ್ನ ಪ್ರಕಾರ ಬ್ಯಾಸರ ಬರೂವಂಥಾ ಗಾಡಿನ ತೊಗೋಬೇಕು. ಸ್ಪ್ಲೆಂಡರ್, ಪ್ಯಾಶನ್, ಶೈನ್, ಸ್ವಲ್ಪ ಎತ್ತರ ಇದ್ದಾವ್ರು ಯುನಿಕಾರ್ನ್, ಇಲ್ಲಾ ಪಲ್ಸರ್ 150. ಬಜಾಜ್ ಇದ ಊರಿಂದು, ಆಕುರ್ಡಿ, ಚಾಕಣ ಎಲ್ಲಾ ಇಲ್ಲೇ, ಪಲ್ಸರ್ ಬಿಚ್ಚಲಾರದ ಮಿಸ್ತ್ರಿ ಪುಣೆದಾಗ ಸಿಗೂದು ಕಷ್ಟ, ಸಾಮಾನು ಬೇಕಂದ್ರ ನಾನಾ ಪೇಠಕ್ಕ ಹೋದ್ರಾತು. ಆರ್‌ಎಕ್ಸ್ 100 ಆಸೆ ಇದ್ರ ಇಟ್ಕೊಳ್ರಿ, ಆದ್ರ ಅದು ಬರೂದು 1996ಕ್ಕ ನಿಂತೈತಿ, ಈಗಿನ ರೇಟು ಕೇಳಿದ್ರ ತಲಿ ತಿರಗ್ತೈತಿ, ಸಾಮಾನು ಅಸಲೀನೋ ನಕಲೀನೋ ಗುರ್ತು ಹಿಡಿಯಾಕ ಬರೂತನಕ ಅದು ಕಲಿಯಾವ್ರ ಗಾಡಿ ಅಲ್ಲ. ಹಳೇ ಬುಲೆಟ್ಟಿನಾಗ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರ್ತೈತಿ. ಅದರ ಮ್ಯಾಲೆ ಕಲತು ಗೆಳ್ಯಾನ ಗಾಡಿ ಹತ್ತಿದ್ರ ಬ್ರೇಕ್ ಅಂತ ಗೇರ್ ಒತ್ತತೀರಿ. ಇನ್ನೊಂದು, ಎಬಿಎಸ್ಸು (ಗಾಲಿ ಲಾಕ್ ಆಗದಂಗ ತಡಿಯೂದು) ಇಲ್ಲಾ ಸಿಬಿಎಸ್ಸು (ಎರಡೂ ಬ್ರೇಕ್ ಕೂಡೇ ಹಿಡಿಯೂದು) ಎಲ್ಲಾ ಹೊಸ ಗಾಡಿಗೆ ಕಡ್ಡಾಯ ಆಗಿದ್ದು 2019 ಏಪ್ರಿಲ್‌ನಿಂದ, ಅದಕ್ಕಿಂತ ಹಳೇದರಾಗ ಬಹುತೇಕ ಇರಂಗಿಲ್ಲ, ಮಳ್ಯಾಗ ಬ್ರೇಕ್ ಜೋರ್ ಹಿಡದ್ರ ಗಾಲಿ ಲಾಕ್ ಆಗ್ತೈತಿ, ಅದನ್ನ ತಿಳ್ಕೊಂಡ ಕಲೀರಿ.

ಗಾಡಿ ನೋಡಾಕ ಮುಂಜಾನೆ ಹೋಗ್ರಿ, ನಾ ಬರೂತನಕ ಚಾಲೂ ಮಾಡಬ್ಯಾಡ್ರಿ ಅಂತ ಫೋನಿನ್ಯಾಗ ಹೇಳ್ರಿ. ಹೋದ ಕೂಡ್ಲೆ ಇಂಜಿನ್ ಹತ್ರ ಕೈ ಒಯ್ರಿ (ಹಚ್ಚಬ್ಯಾಡ್ರಿ, ಸುಡತೈತಿ). ಬಿಸಿ ಇದ್ರ ಅಂವ ಮೊದ್ಲ ಚಾಲೂ ಮಾಡ್ಯಾನ ಅಂತ, ಅಂದ್ರ ತಂಪಿದ್ದಾಗ ಚಾಲೂ ಆಗೂದ್ರಾಗ ಏನೋ ತಕರಾರು ಐತಿ. ಚಹಾ ಕುಡದು ಬರ್ತೀನಿ ಅಂತ ಹೇಳಿ ತಾಸು ಬಿಟ್ಟು ಬರ್ರಿ, ಮರ್ಯಾದಿ ಪ್ರಶ್ನೆ ಏನಿಲ್ಲ. ತಂಪ್ ಇಂಜಿನ್ ಚೋಕ್ ಎಳದು ಎರಡ್ಮೂರು ಕಿಕ್ಕಿಗೆ ಬಂದ್ರ ಬೇಷ್. ಚಾಲೂ ಆದ ಮ್ಯಾಲೆ ಸೈಲೆನ್ಸರ್ ಹಿಂದ ನಿಂತು ಹೊಗಿ ನೋಡ್ರಿ. ನೀಲಿ ಹೊಗಿ ಬಂದು ಹಂಗ ಇದ್ರ ಇಂಜಿನ್ ಆಯಿಲ್ ಸುಡತೈತಿ, ರಿಂಗ್ ಇಲ್ಲಾ ವಾಲ್ವ್ ಸೀಲ್ ಹೋಗ್ಯಾವ, ಹಾಫ್ ಇಂಜಿನ್ ಕೆಲಸ ಅಂತಾನ ಮಿಸ್ತ್ರಿ. ಕರೀ ಹೊಗಿ ಅಷ್ಟು ಅಂಜೂವಂಥಾದ್ದಲ್ಲ, ಏರ್ ಫಿಲ್ಟರ್ ಹೊಲಸಾಗಿರ್ತೈತಿ ಇಲ್ಲಾ ಕಾರ್ಬೊರೇಟರ್ ಟ್ಯೂನಿಂಗ್ ತಪ್ಪಿರ್ತೈತಿ. ಇಂಜಿನ್ ಮ್ಯಾಗಿಂದ ಕಟಕಟ ಸಪ್ಪಳ ಬಂದು ಬಿಸಿ ಆದ ಮ್ಯಾಲೂ ನಿಲ್ಲಲಿಲ್ಲಂದ್ರ ಟೈಮಿಂಗ್ ಚೈನೋ ಟ್ಯಾಪೆಟ್ಟೋ ತೋರ್ಸಬೇಕು.

ಆಮ್ಯಾಲೆ ಡಬಲ್ ಸ್ಟ್ಯಾಂಡ್ ಹಾಕಿ ಹಿಂದ ಯಾರ್ನರೆ ಕುಂದ್ರಸಿ ಮುಂದಿನ ಗಾಲಿ ಎತ್ತಿಸಿ ಹ್ಯಾಂಡಲ್ ಸಾವಕಾಶ ಆ ಕಡೆ ಈ ಕಡೆ ತಿರುವ್ರಿ. ನಡಕ ಬಂದಾಗ ಕಟ್ ಅಂತ ಹಿಡದಂಗ ಆದ್ರ ಕೋನ್ ಸೆಟ್ (ಹ್ಯಾಂಡಲ್ ಬೇರಿಂಗ್) ಮುಗದೈತಿ, ಸಣ್ಣ ಖರ್ಚು. ಆದ್ರ ಹ್ಯಾಂಡಲ್ ಎರಡೂ ಕಡೆ ತಿರುವಿದಾಗ ತಾಗೂ ಸ್ಟಾಪರ್ ಒಂದು ಕಡೆ ಜಜ್ಜಿದ್ರ, ವೆಲ್ಡಿಂಗ್ ಮಾಡಿದ ಗುರ್ತು ಕಂಡ್ರ, ಗಾಡಿ ಮುಂದ ಜೋರ್ ಬಡದೈತಿ ಅಂತ ತಿಳೀರಿ. ಓಡಿಸುವಾಗ ಒಂದು ಕಡೆ ಎಳದ್ರ ಅಂತೂ ಮಾತ ಬ್ಯಾಡ. ಚಾಸಿಸ್ ನಂಬರು ಹೆಚ್ಚಾಗಿ ಹ್ಯಾಂಡಲ್ ಕೆಳಗ ಕುತ್ತಿಗಿ ಪೈಪಿನ ಮ್ಯಾಲೆ ಇರ್ತೈತಿ, ಅರಿವಿಲೆ ಒರಸಿ ಆರ್‌ಸಿ ಕೂಡ ಒಂದೊಂದ ಅಕ್ಷರ ತಾಳೆ ನೋಡ್ರಿ, ಇಂಜಿನ್ ನಂಬರೂ ಹಂಗ.

ಮೀಟರ್ ನಂಬಬ್ಯಾಡ್ರಿ, ಕೇಬಲ್ ಬಿಚ್ಚಿದ್ರ ಮೀಟರ್ ನಿಂದರತೈತಿ, ಗಾಡಿ ಓಡತಿರ್ತೈತಿ. ಟ್ಯಾಂಕಿಗೆ ಹೊಸ ಪೇಂಟು, ಹೊಸ ಸ್ಟಿಕ್ಕರು, ಸೀಟ್ ಕವರ್ ಹೊಸಾದು, ಆದ್ರ ಬ್ರೇಕ್ ಪೆಡಲ್ ಮ್ಯಾಲಿನ ಗೀರು ಸವದು ನುಣ್ಣಗ ಆಗೇತಿ, ಫುಟ್‌ರೆಸ್ಟ್ ರಬ್ಬರಿನ್ಯಾಗ ಕಬ್ಬಿಣ ಕಾಣ್ತೈತಿ, ಮೀಟರ್ ಮಾತ್ರ ಹದಿನೆಂಟು ಸಾವಿರ ಅಂತೈತಿ ಅಂದ್ರ ಯಾರನ್ನ ನಂಬಬೇಕು ನೀವ ಹೇಳ್ರಿ. ಹಿಂದಿನ ಸ್ಪ್ರಾಕೆಟ್ ಮ್ಯಾಲಿನ ಚೈನ್ ಬೆರಳಿಲೆ ಹಿಂದಕ್ಕ ಎಳೀರಿ, ಹಲ್ಲು ಬಿಟ್ಟು ಎದ್ದು ಬಂದ್ರ ಚೈನ್ ಸೆಟ್ ಖರ್ಚು ಬಂತು. ಟೈರ್ ಮ್ಯಾಲೆ ನಾಕು ಅಂಕಿ ಇರ್ತಾವ, 3218 ಅಂದ್ರ 2018ರ 32ನೇ ವಾರ, ಗ್ರಿಪ್ ಎಷ್ಟಿದ್ರೂ ಅಂಥಾ ಹಳೇ ರಬ್ಬರ್ ಪುಣೆ ಮಳ್ಯಾಗ ಜಾರತೈತಿ. ಇವು ಯಾವೂ ಗಾಡಿ ಬ್ಯಾಡ ಅನ್ನಾಕ ಕಾರಣ ಅಲ್ಲ, ರೇಟ್ ಇಳಸಾಕ ಕಾರಣ. ಬ್ಯಾಟರಿ, ಲೈಟು, ಹಾರ್ನ್ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ.

ಕೈಯಾಗ ಇದ್ದ ರೊಕ್ಕದಾಗ ಐದನೇ ಪಾಲು ಎತ್ತಿಡ್ರಿ. ತಂದ ದಿನಾನ ಇಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್, ಬ್ರೇಕ್ ಶೂ, ಕ್ಲಚ್ ಕೇಬಲ್, ಪೆಟ್ರೋಲ್ ಪೈಪ್ ಬದಲಿ ಮಾಡ್ಸೂದು, ಯಾರು ಯಾವಾಗ ಬದಲಿ ಮಾಡ್ಯಾರ ಅಂತ ಕೇಳೂ ಗೋಜಿಗೇ ಹೋಗಬಾರದು. ಗೇರ್ ಇಲ್ಲದ ಸ್ಕೂಟರಿಂದಷ್ಟ ಲೈಸೆನ್ಸ್ ಇದ್ರ ಬೈಕಿಗೆ ನಡೆಯಂಗಿಲ್ಲ, ಗೇರಿಂದು ಸೇರಿಸ್ಕೊಳ್ರಿ. ಮುಂಬೈ ಎಕ್ಸ್‌ಪ್ರೆಸ್‌ವೇದಾಗ ಟೂವೀಲರ್ ಬಿಡಂಗಿಲ್ಲ, ಲೋಣಾವಳಾ ಅಂದ್ರ ಹಳೇ ಹೈವೇನ.

ಊರಾಗ ಕಾಕಾನ ಸ್ಪ್ಲೆಂಡರ್ ಸುಮ್ನ ನಿಂತೈತಿ, ಅದನ್ನ ತರ್ಲೇನು ಅಂತ ಭಾಳ ಮಂದಿ ಕೇಳ್ತಾರ. ತರ್ರಿ, ಅದಕ್ಕಿಂತ ಛಲೋ ಹಳೇ ಗಾಡಿ ಎಲ್ಲಿ ಸಿಗಬೇಕು, ಯಾರು ಓಡ್ಸ್ಯಾರ ಅಂತ ಗೊತ್ತಿರ್ತೈತಿ. ರೈಲ್ವೆ ಪಾರ್ಸಲ್‌ನ್ಯಾಗ ಹಾಕೂದಾದ್ರ ಪೆಟ್ರೋಲ್ ಖಾಲಿ ಮಾಡಬೇಕು. ಆದ್ರ ಕೆಎ ಗಾಡಿ ಇಲ್ಲಿ 12 ತಿಂಗಳ ಮ್ಯಾಲೆ ಇಟ್ಕೊಂಡ್ರ ಎಂಎಚ್ ನಂಬರ್ ಮಾಡ್ಸಬೇಕು, ಅದಕ್ಕ ಊರಿನ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಿ ಅಲ್ಲಿಂದು ರಿಫಂಡ್ ಕೇಳಬೇಕು. ಆ ಎನ್‌ಓಸಿ ಅರ್ಜಿಗೆ ಕಾಕಾನ ಸಹಿ ಗಾಡಿ ಊರಾಗ ಇದ್ದಾಗಲೇ ಹಾಕಿಸ್ಕೊಳ್ರಿ.